ಕುರಿಗಳಲ್ಲಿ ಶಸ್ತ್ರಚಿಕಿತ್ಸೆರಹಿತ ಕೃತಕ ಗರ್ಭಧಾರಣೆ

ಕುರಿಯ ಗರ್ಭಕಂಠವು ಕಿರಿದಾಗಿದ್ದು ಮಡಿಕೆಗಳಿಂದ ಕೂಡಿರುವುದರಿಂದ, ಆಕಳುಗಳಲ್ಲಿ ರೂಢಿಯಲ್ಲಿರುವ ಘನೀಕೃತ ವೀರ್ಯದ ವಿಧಾನವು ಕುರಿಗಳಲ್ಲಿ ಅಷ್ಟು ಫಲಕಾರಿಯಾಗಿರುವುದಿಲ್ಲ. ಲ್ಯಾಪರೋಸ್ಕೋಪಿಗೆ ಶಸ್ತ್ರಕ್ರಿಯೆ ಅಗತ್ಯ. ಆದುದರಿಂದ ತಾಜಾ ಅಥವಾ ಶೀತಲೀಕರಿಸಿದ ವೀರ್ಯವನ್ನು ಗರ್ಭಕಂಠದ ಬಾಯಿಯಲ್ಲಿರಿಸುವ ವಿಧಾನವು ಹಿಂಡುಗಳಿಗೆ ಸೂಕ್ತವಾಗಿರುತ್ತದೆ.

ಇದಕ್ಕೆ ಪೂರಕವಾದ ಹಾರ್ಮೋನುಯುಕ್ತ ಸ್ಪಂಜನ್ನು ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದೆ. ಯೋನಿಯಲ್ಲಿ 12ರಿಂದ 14 ದಿನ ಇರಿಸಿ ತೆಗೆದ ನಂತರ, ಸುಮಾರು ಎರಡು ದಿನಗಳಲ್ಲಿ ಕುರಿಗಳು ಒಟ್ಟಾಗಿ ಬೆದೆಗೆ ಬರುತ್ತವೆ. ಐದು ತಿಂಗಳ ತರುವಾಯ ಮರಿಗಳೂ ಒಟ್ಟಾಗಿ ಜನಿಸುತ್ತವೆ. ಆ ವೇಳೆಗೆ ಮೇವಿಲ್ಲದಿದ್ದಲ್ಲಿ ಅಥವಾ ಹಿಂಡು ವಲಸೆಯಲ್ಲಿದ್ದಲ್ಲಿ ಲಾಭವೇ ನಷ್ಟವಾಗಿ ಪರಿಣಮಿಸಬಹುದು. ಒಂದೇ ಟಗರನ್ನು ಪೀಳಿಗೆಗಳವರೆಗೆ ಬಳಸತಕ್ಕದ್ದಲ್ಲ.

ವಿಜಯನಗರ ಜಿಲ್ಲೆಯು 2021ರಲ್ಲಿ ರಚನೆಯಾಗಿರುವುದರಿಂದ ಹೊಸಪೇಟೆ, ಹಂಪಿ ಭಾಗದವರು ಆ ಜಿಲ್ಲೆಯ, ಸಂಡೂರು, ಕಂಪ್ಲಿ ತಾಲ್ಲೂಕಿನವರು ಬಳ್ಳಾರಿ ಜಿಲ್ಲೆಯ ಪಶುಪಾಲನಾ ಕಚೇರಿಯಲ್ಲಿ ಸೌಲಭ್ಯದ ಲಭ್ಯತೆಯನ್ನು ಮುಂಚಿತವಾಗಿ ವಿಚಾರಿಸುವುದು.