‘ನೆಟ್ ಬರ್ತಿಲ್ಲ’ ಅಂದರೆ ಸಾಲದು

ಬಿಟಿಎಂ ಲೇಔಟ್‌ನಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದವರನ್ನು ಬಿಟಿಎಂ ಅಂದರೇನು ಎಂದು ಕೇಳಿ ನೋಡಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎನ್ನುವವರು ಕಡಿಮೆ. ಗೊತ್ತಿಲ್ಲದಿದ್ದರೂ ನಷ್ಟವಿಲ್ಲ, ಬಸ್ಸು ಹೇಗೂ ಬರುತ್ತದೆ. ಆದರೆ ಎಂಬಿಪಿಎಸ್, ವೈಫೈ, ಐಪಿ ಎಂಬ ಮಾತುಗಳ ಅರ್ಥ ಗೊತ್ತಿಲ್ಲದಿದ್ದರೆ ಜೇಬಿಗೇ ಕತ್ತರಿ.

ಮೊದಲು ವೇಗದ ವಿಚಾರ. ‘100 ಎಂಬಿಪಿಎಸ್’ ಎಂಬ ಜಾಹೀರಾತು ನೋಡಿ ಸೆಕೆಂಡಿಗೆ 100 ಎಂಬಿ ಇಳಿಯುತ್ತದೆ ಅಂದುಕೊಳ್ಳುವವರೇ ಹೆಚ್ಚು. ಎಂಬಿಪಿಎಸ್‌ನಲ್ಲಿರುವ ‘ಬಿ’ ಬಿಟ್, ಫೈಲಿನ ಗಾತ್ರ ಹೇಳುವ ಎಂಬಿಯ ‘ಬಿ’ ಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಜೊತೆಗೆ ಸಣ್ಣ ಅಕ್ಷರದಲ್ಲಿ ‘ವರೆಗೆ’ ಎಂಬ ಪದ ಇದೆಯೇ ನೋಡಿ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ವೇಗ 512 ಕೆಬಿಪಿಎಸ್ ಇತ್ತು. ಅದು 2 ಎಂಬಿಪಿಎಸ್‌ಗೆ ಏರಿದ್ದು 2023ರ ಜನವರಿಯಲ್ಲಿ.

ಎರಡನೆಯದು ವೈಫೈ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಇಂಟರ್ನೆಟ್ ಬೀದಿಯಿಂದ ಫೈಬರ್ ತಂತಿಯಲ್ಲಿ ಮನೆಗೆ ಬರುತ್ತದೆ. ವೈಫೈ ಎಂದರೆ ಮನೆಯೊಳಗಿನ ರೂಟರ್‌ನಿಂದ ಫೋನಿಗೆ ಹೋಗುವ ಅಲೆ ಮಾತ್ರ. ರೂಟರ್‌ಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ವೇಗ ನೋಡಿ. ಸರಿಯಾಗಿ ಬಂದರೆ ತೊಂದರೆ ಗೋಡೆಯದೋ ರೂಟರ್ ಇಟ್ಟ ಜಾಗದ್ದೋ ಇರಬಹುದು. ಡಬ್ಬಿಯ ಮೇಲೆ ‘ಎಲ್ಒಎಸ್’ ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಫೈಬರ್‌ನಲ್ಲಿ ಸಿಗ್ನಲ್ಲೇ ಇಲ್ಲ. ಆಗ ಹೊಸ ರೂಟರ್ ಕೊಂಡರೆ ದುಡ್ಡು ದಂಡ.

ಮೂರನೆಯದು ಐಪಿ ವಿಳಾಸ. ಜಯನಗರದಲ್ಲೂ 4ನೇ ಬ್ಲಾಕ್ ಇದೆ, ಕೋರಮಂಗಲದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ. ಬಡಾವಣೆಯ ಒಳಗೆ ‘4ನೇ ಬ್ಲಾಕ್’ ಅಂದರೆ ಸಾಕು, ಹೊರಗಿನವರಿಗೆ ಬಡಾವಣೆಯ ಹೆಸರೂ ಬೇಕು. 192.168ರಿಂದ ಶುರುವಾಗುವ ವಿಳಾಸಗಳೂ ಹೀಗೇ. ಎಲ್ಲ ಮನೆಗಳಲ್ಲೂ ಅವೇ ಇರುತ್ತವೆ, ಹೊರಜಗತ್ತಿಗೆ ಕಾಣುವ ವಿಳಾಸ ಬೇರೆ. ಹಳೆಯ ಪದ್ಧತಿಯಲ್ಲಿ ಅಂಥ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಸಾಲದೆ, ಎಷ್ಟೋ ಕಡೆ ಹಲವು ಮನೆಗಳಿಗೆ ಒಂದೇ ವಿಳಾಸ ಹಂಚುತ್ತಾರೆ. ಬದಲಾಗದ ವಿಳಾಸ, ಅಂದರೆ ‘ಸ್ಟಾಟಿಕ್ ಐಪಿ’ ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಯಾತಕ್ಕೆ ಎಂದು ಕೇಳಿ. ವಾಟ್ಸಾಪ್, ಯೂಟ್ಯೂಬ್ ನೋಡಲು ಅದು ಬೇಕಿಲ್ಲ.

ಕನ್ನಡ ಪತ್ರಿಕೆಗಳು ‘ಅಂತರ್ಜಾಲ’ ಎಂದು ಬರೆದು ಕೈತೊಳೆದುಕೊಂಡಿವೆ. ನಮ್ಮ ಪ್ರಕಾರ ಈಗ ಬೇಕಿರುವುದು ಹೊಸ ಪದವಲ್ಲ, ಇರುವ ಪದಕ್ಕೆ ಕನ್ನಡದಲ್ಲಿ ವಿವರಣೆ. ಸೆನ್ಸೆಕ್ಸ್‌ಗೆ ದಿನವೂ ಜಾಗ ಕೊಡುವ ನಾವು ಪತ್ರಕರ್ತರು ತಿಂಗಳ ಬಿಲ್ಲಿನಲ್ಲಿರುವ ಪದಗಳಿಗೂ ಜಾಗ ಕೊಡಬೇಕು.

‘ನೆಟ್ ಬರ್ತಿಲ್ಲ’ ಅಂದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ ಬರುತ್ತದೆ. ‘ಕೇಬಲ್ ಹಾಕಿ ನೋಡಿದ್ದೇವೆ, 100ಕ್ಕೆ 20 ಬರ್ತಿದೆ, ಡಾಕೆಟ್ ನಂಬರ್ ಕೊಡಿ’ ಅಂದರೆ ಮಾತು ಬೇರೆ. ಆ ನಂಬರ್ ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್‌ನ 2012ರ ನಿಯಮಗಳಲ್ಲಿ ಅವಕಾಶ ಇದೆ.