ಪತ್ರ ಇಲ್ಲಿ, ಪತ್ತೆ ಜಿನೀವಾದಲ್ಲಿ!

ನವಲಗುಂದದ ಅಂಗಡಿಕಾರನ ಮೊಬೈಲಿಗೆ ಹೊಲಸು ಇ-ಮೇಲ್ ಬಂದರೆ, ಕಳಿಸಿದವನನ್ನು ಹಿಡಿಯೋದು ಹ್ಯಾಂಗ? ಕಂಪನಿಯೊಂದರ ಹೆಣ್ಣುಮಕ್ಕಳಿಗೆ ಹಾಂಗೇ ಆಯಿತು. ಪತ್ರ ಬಂದದ್ದು ಪ್ರೋಟಾನ್ ಮೇಲ್ ಮೂಲಕ. ಆ ಕಂಪನಿ ಇರೋದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಪರದೇಶದ ಪೊಲೀಸರಿಗೆ ನೇರವಾಗಿ ಹೆಸರು ಹೇಳಲು ಅಲ್ಲಿನ ಕಾಯ್ದೆ ಬಿಡುವುದಿಲ್ಲ. ಸರಕಾರದಿಂದ ಸರಕಾರಕ್ಕೆ ಕಾಗದ ಹೋಗಬೇಕು.

2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟು, ಆ ಸೇವೆಯನ್ನೇ ತಡೆಯಲು ಕ್ರಮ ಕೈಗೊಳ್ಳಿ ಎಂದು ಕೇಂದ್ರಕ್ಕೆ ಆದೇಶಿಸಿತು. ಕದ ಹಾಕಿದರೆ ಮುಂದಿನ ಪತ್ರ ನಿಂತೀತು. ಹಿಂದಿನದನ್ನು ಬರೆದವನು ಸಿಕ್ಕಾನೇನು? ಗುಟ್ಟು ಕಾಯುವ ಕಾಯ್ದೆ ಮರ್ಯಾದಸ್ಥರಿಗೂ ಬೇಕು. ಕಾಗದ ಲಗೂ ಓಡಾಡಿದರಷ್ಟೇ ಅದು ಪುಂಡರಿಗೆ ಮರೆಯಾಗದು.

ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಮಂದಿಗೆ ಒಂದೇ ಮಾತು: ಪತ್ರ ಅಳಿಸಬ್ಯಾಡ್ರಿ, ಮೊಬೈಲ್ ಸಮೇತ ಠಾಣೆಗೆ ಹೋಗ್ರಿ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರ ಇಲ್ಲದ ಬರೀ ಪ್ರಿಂಟು ಕೋರ್ಟಿನಲ್ಲಿ ನಿಲ್ಲದು.