ದಾಸೋಹದ ಧಾನ್ಯಕ್ಕೆ ಯಾರ ಭರವಸೆ?

ಅಂಗಡಿಯಿಂದ ತಂದ ಆಹಾರದ ಪೊಟ್ಟಣವನ್ನು ಕೈಗೆತ್ತಿಕೊಂಡೊಡನೆ ಸಸ್ಯಾಹಾರಿಗಳಾದ ನಾವು ಮೊದಲು ಹುಡುಕುವುದು ಚೌಕದೊಳಗಿನ ಹಸಿರು ಚುಕ್ಕೆಯನ್ನು. ಅದು ಕಂಡರೆ ಮನಸ್ಸು ನಿಶ್ಚಿಂತವಾಗುತ್ತದೆ. ಆದರೆ ಆ ಚುಕ್ಕೆ ಹೇಳುವ ಮಾತು ಒಂದೇ: ಇದರಲ್ಲಿ ಮಾಂಸ, ಮೀನು, ಮೊಟ್ಟೆಗಳ ಅಂಶವಿಲ್ಲ. ಒಳಗಿನ ಕಾಳಿಗೆ ಯಾವ ಕೀಟನಾಶಕ ಸಿಂಪಡಿಸಲಾಗಿತ್ತು, ಪುಡಿಗೆ ಯಾವ ಬಣ್ಣ ಬೆರೆತಿದೆ ಎಂಬುದನ್ನು ಅದು ಹೇಳುವುದಿಲ್ಲ. ಮುದ್ರೆ ಹೇಳದ ಮಾತನ್ನು ಅದರ ಬಾಯಿಂದ ಕೇಳಿದೆವೆಂದು ನಂಬುವುದೇ ಇಂದಿನ ಆಹಾರ ವ್ಯವಹಾರದಲ್ಲಿ ನಮ್ಮ ಆರೋಗ್ಯಕ್ಕೆ ಒದಗಿರುವ ದೊಡ್ಡ ಅಪಾಯವೆಂದು ನನ್ನ ಅಭಿಪ್ರಾಯ.

ಪೊಟ್ಟಣದ ಮೇಲಿನ ಉಳಿದ ಗುರುತುಗಳಿಗೂ ಅವುಗಳದೇ ಎಲ್ಲೆಗಳಿವೆ. ಎಫ್‌ಎಸ್‌ಎಸ್‌ಎಐ ಹೆಸರಿನೊಡನೆ ಇರುವ 14 ಅಂಕಿಗಳು ತಯಾರಕನಿಗೆ ಪರವಾನಗಿ ಅಥವಾ ನೋಂದಣಿ ಇದೆಯೆಂದು ತಿಳಿಸುತ್ತವೆ; ಆ ಪೊಟ್ಟಣವನ್ನೇ ಪರೀಕ್ಷಿಸಲಾಗಿದೆ ಎಂದಲ್ಲ. 1937ರ ಕಾಯಿದೆಯಡಿ ಬಂದ ಅಗ್‌ಮಾರ್ಕ್ ಮುದ್ರೆಯು ಪದಾರ್ಥದ ದರ್ಜೆಯನ್ನು ಹೇಳುತ್ತದೆ. ನಮ್ಮ ಧಾರವಾಡದ ಪೇಡೆಗೂ ಬ್ಯಾಡಗಿ ಮೆಣಸಿನಕಾಯಿಗೂ ದೊರೆತಿರುವ ಭೌಗೋಳಿಕ ಸೂಚಕವು ಸ್ಥಳದ ಹೆಸರನ್ನು ಕಾಯುತ್ತದೆ. ಸಾವಯವ ಪದಾರ್ಥಕ್ಕೆ ಮಾತ್ರ ‘ಜೈವಿಕ ಭಾರತ’ ಎಂಬ ಬೇರೆಯೇ ಲಾಂಛನವಿದ್ದು, 2017ರ ನಿಯಮಗಳ ಮೂಲಕ ಅದು ಜಾರಿಗೆ ಬಂದಿದೆ. ‘ನೈಸರ್ಗಿಕ’, ‘ಶುದ್ಧ’, ‘ಹಳ್ಳಿಯ ಸೊಗಡು’ ಮುಂತಾದ ಮುದ್ರಿತ ಮಾತುಗಳಾದರೋ ಬಹುಮಟ್ಟಿಗೆ ಮಾರುವವನ ಸ್ವಂತ ಸ್ತುತಿ.

ಬ್ಯಾಡಗಿ ಮೆಣಸಿನಕಾಯಿಯ ಉದಾಹರಣೆಯನ್ನೇ ವಿಚಾರಿಸೋಣ. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಈ ಕಾಯಿ ನಮ್ಮ ಕುಂದಗೋಳ ಸೀಮೆಯ ಎರೆಹೊಲಗಳಲ್ಲಿಯೂ ಬೆಳೆಯುತ್ತದೆ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳೂ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ ಹೆಸರಾಗಿವೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಲಭಿಸಿತು. ಬಣ್ಣಕ್ಕೇ ಬೆಲೆ ಬರುವ ಪದಾರ್ಥದಲ್ಲಿ ಬಣ್ಣದ್ದೇ ಮೋಸ ನಡೆಯುವುದು ಸಹಜ. ಅಗ್ಗದ ಕಾಯಿಯನ್ನು ಪುಡಿಮಾಡಿ ಕೃತಕ ಬಣ್ಣ ಬೆರೆಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಒಂದು ಲೋಟ ನೀರಿನ ಮೇಲೆ ಖಾರದ ಪುಡಿ ಉದುರಿಸಿದಾಗ ಬಣ್ಣ ಎಳೆಎಳೆಯಾಗಿ ಕೆಳಗಿಳಿದರೆ ಕಲಬೆರಕೆಯೆಂದು ಗೃಹಿಣಿಯರು ತಿಳಿಯಬಹುದು. ಆದರೆ ‘ಸುಡಾನ್’ ಎಂಬ ಕೈಗಾರಿಕಾ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದನ್ನು ನಿಶ್ಚಿತವಾಗಿ ಕಂಡುಹಿಡಿಯಲು ಪ್ರಯೋಗಾಲಯವೇ ಬೇಕು.

2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಈ ಬಣ್ಣವನ್ನು ಫ್ರಾನ್ಸ್ ದೇಶದಲ್ಲಿ ಪತ್ತೆ ಹಚ್ಚಲಾಯಿತು. ಯುರೋಪಿನ ಒಕ್ಕೂಟವು ಪರೀಕ್ಷಾ ವರದಿಯಿಲ್ಲದೆ ಮೆಣಸನ್ನು ಒಳಗೆ ಬಿಡುವುದಿಲ್ಲವೆಂದು ಆಜ್ಞೆ ಮಾಡಿತು. 2005ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸಿಗೆ ಸೇರಿದ್ದ ಇಂತಹ ಪುಡಿಯಿಂದಾಗಿ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಅಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾವ ಪುಡಿ ಯಾವ ಕಾರ್ಖಾನೆಗೆ, ಅಲ್ಲಿಂದ ಯಾವ ತಿನಿಸಿಗೆ ಹೋಯಿತೆಂದು ಲೆಕ್ಕದ ದಾರಿ ಹಿಡಿದು ಹುಡುಕಲು ಸಾಧ್ಯವಾದದ್ದು. ಮುದ್ರೆಯ ನಿಜವಾದ ಬೆಲೆ ಅದರ ಹಿಂದಿರುವ ಈ ಲೆಕ್ಕದಲ್ಲಿದೆ. ಸಂತೆಯಲ್ಲಿ ಬಿಡಿಯಾಗಿ ಕೊಂಡ ಖಾರದ ಪುಡಿ ಯಾವ ಹೊಲದ್ದೆಂದು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು?

ಹಾಗಾದರೆ ಎಲ್ಲ ರೈತರೂ ಪ್ರಮಾಣಪತ್ರ ಪಡೆಯಲೆಂದು ಒತ್ತಾಯಿಸಬಹುದೇ? ಇಲ್ಲಿಯೇ ಕರುಣೆಯೂ ವಿವೇಕವೂ ಬೇಕು. ರಫ್ತಿಗೆ ಮಾನ್ಯವಾದ ಸಾವಯವ ಪ್ರಮಾಣೀಕರಣಕ್ಕೆ ಶುಲ್ಕ, ವಾರ್ಷಿಕ ತಪಾಸಣೆ, ದಾಖಲೆಗಳ ನಿರ್ವಹಣೆ ಎಲ್ಲವೂ ಬೇಕು. ವಾರ್ಷಿಕ ಬೆಳೆಗಳ ಹೊಲಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಪರಿವರ್ತನಾ ಅವಧಿಯಿದೆ. ಆ ಅವಧಿಯಲ್ಲಿ ಇಳುವರಿ ಕುಗ್ಗಿದರೂ ಸಾವಯವದ ಬೆಲೆ ಕೈಗೆ ಬರುವುದಿಲ್ಲ. ಮಳೆಯನ್ನೇ ನಂಬಿ ಜೋಳ, ಕಡಲೆ, ಮೆಣಸು ಬೆಳೆಯುವ ನವಲಗುಂದದ ಅಥವಾ ಕುಂದಗೋಳದ ಸಣ್ಣ ಹಿಡುವಳಿದಾರನು ಈ ಭಾರವನ್ನು ಒಬ್ಬನೇ ಹೊರಲಾರ. ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಾಮಾಣಿಕನು ಮಾರುಕಟ್ಟೆಯ ಹೊರಗುಳಿದು, ಕಾಗದ ಹೊಂದಿಸಬಲ್ಲವನು ಮಾತ್ರ ಒಳಗೆ ಬರುವಂತಾದರೆ ಆ ವ್ಯವಸ್ಥೆ ನ್ಯಾಯವಾದುದಲ್ಲ.

ಇದಕ್ಕೆ ಒಂದು ದಾರಿ ಈಗಾಗಲೇ ಇದೆ. ‘ಪಿಜಿಎಸ್ ಇಂಡಿಯಾ’ ಎಂಬ ಸಹಭಾಗಿತ್ವದ ಭರವಸೆ ಪದ್ಧತಿಯಲ್ಲಿ ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪುಗೂಡಿ, ಪ್ರತಿಜ್ಞೆ ಸ್ವೀಕರಿಸಿ, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಅವರ ವರದಿಯನ್ನು ಪ್ರಾದೇಶಿಕ ಮಂಡಳಿ ನೋಡಿ ಪ್ರಮಾಣಪತ್ರ ನೀಡುತ್ತದೆ. ಖರ್ಚು ತೀರ ಕಡಿಮೆ. ರಫ್ತಿಗೆ ಇದು ಸಲ್ಲದು. ದೇಶದೊಳಗಿನ ಮಾರಾಟಕ್ಕೆ ಸಾಕು. ‘ನೆರೆಯವನು ನೆರೆಯವನ ತಪ್ಪನ್ನು ಮುಚ್ಚಿಡುವುದಿಲ್ಲವೇ?’ ಎಂಬ ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ಮುಚ್ಚಿಡಬಹುದು. ಆದ್ದರಿಂದಲೇ ಆಗಾಗ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಅವಶ್ಯ. ಆದರೂ ರಾತ್ರಿ ಹೊತ್ತು ಯಾರ ಹೊಲದಲ್ಲಿ ಔಷಧ ಸಿಂಪಡಿಸಿದರೆಂಬುದು ವರ್ಷಕ್ಕೊಮ್ಮೆ ಬರುವ ಅಧಿಕಾರಿಗಿಂತ ಬದುವಿನಾಚೆಯ ರೈತನಿಗೆ ಚೆನ್ನಾಗಿ ತಿಳಿದಿರುತ್ತದೆ.

ಈ ಪದ್ಧತಿ ನಿಲ್ಲಬೇಕಾದರೆ ನಿಶ್ಚಿತವಾದ ಗಿರಾಕಿ ಬೇಕು. ಆ ಸ್ಥಾನವನ್ನು ತುಂಬಲು ಮಠಗಳಿಗಿಂತ ಯೋಗ್ಯರು ಯಾರು? ವರ್ಷವಿಡೀ ದಾಸೋಹ, ಜಾತ್ರೆಯಲ್ಲಿ ಸಾವಿರಾರು ಜನರಿಗೆ ಪ್ರಸಾದ, ವಸತಿ ನಿಲಯಗಳ ಮಕ್ಕಳಿಗೆ ನಿತ್ಯದ ಊಟ: ಇಷ್ಟು ಧಾನ್ಯ, ಬೇಳೆ, ಬೆಲ್ಲ, ಖಾರ ಬೇಕಾದ ಮನೆ ಬೇರೊಂದಿಲ್ಲ. ಇವುಗಳಲ್ಲಿ ಒಂದು ಪಾಲನ್ನಾದರೂ, ಮೊದಲ ವರ್ಷ ಜೋಳ ಮತ್ತು ಮೆಣಸನ್ನಷ್ಟೇ ಆದರೂ, ಇಂತಹ ಗುಂಪುಗಳಿಂದ ಬಿತ್ತನೆಗೆ ಮೊದಲೇ ಬೆಲೆ ಗೊತ್ತುಮಾಡಿ ಕೊಳ್ಳುವ ಪರಿಪಾಠ ಬೆಳೆಯಬೇಕು. ಪರಿವರ್ತನೆಯ ಅವಧಿಯಲ್ಲಿರುವವರಿಗೂ ಆ ಬೆಲೆ ಸಲ್ಲಬೇಕು. ಬಂದ ಧಾನ್ಯದ ಮಾದರಿಯನ್ನು ಪರೀಕ್ಷಿಸಿ, ಫಲಿತಾಂಶವನ್ನು ದಾಸೋಹದ ಬಾಗಿಲಲ್ಲಿಯೇ ಬರೆದು ಹಾಕಬೇಕು. ದಾಸೋಹಕ್ಕೆ ಧಾನ್ಯ ಅರ್ಪಿಸುವ ಭಕ್ತರೂ ‘ಇದು ಇಂತಹ ಊರಿನ ಇಂತಹ ಹೊಲದ ಬೆಳೆ, ಹೀಗೆ ಬೆಳೆದದ್ದು’ ಎಂದು ಚೀಟಿ ಬರೆದಿಡುವ ರೂಢಿ ಬರಲಿ. ಸೇವೆಯಾಗಿ ಬಂದ ಚೀಲದ ಮೂಲ ಕೇಳುವುದು ದಾತನಿಗೆ ಅವಮಾನವಲ್ಲ. ಉಣ್ಣುವ ಮಗುವಿಗೆ ಸಲ್ಲಿಸುವ ಗೌರವ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ಪುಡಿಯ ಬದಲು ಇಡಿಯ ಮೆಣಸಿನಕಾಯಿ ಕೊಂಡು ಒಣಗಿಸಿ ಕುಟ್ಟಿಸುವುದು, ಹೊಳೆಯುವ ಹಳದಿ ಬೆಲ್ಲಕ್ಕಿಂತ ಕಂದು ಬೆಲ್ಲವನ್ನು ಆರಿಸುವುದು, ಸಾವಯವವೆಂದು ಹೆಚ್ಚು ಬೆಲೆ ಕೇಳುವ ಪೊಟ್ಟಣದಲ್ಲಿ ಲಾಂಛನ ಹುಡುಕುವುದು. ರೈತನಿಂದಲೇ ನೇರವಾಗಿ ಕೊಳ್ಳುವಾಗ ಲಾಂಛನವಿಲ್ಲದಿದ್ದರೂ ಚಿಂತೆಯಿಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದಷ್ಟು ವಹಿವಾಟಿನ ಸಣ್ಣ ಬೆಳೆಗಾರನಿಗೆ ನೇರ ಮಾರಾಟದಲ್ಲಿ ನಿಯಮವೇ ವಿನಾಯಿತಿ ನೀಡಿದೆ. ಅಲ್ಲಿ ಅವನ ಹೊಲಕ್ಕೆ ಒಮ್ಮೆ ಹೋಗಿ ಬರುವುದೇ ಒಳ್ಳೆಯ ತಪಾಸಣೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳವು ಇಂತಹ ಬೆಳೆಗಾರರ ಪರಿಚಯಕ್ಕೆ ಒಳ್ಳೆಯ ಅವಕಾಶ.

ಬೆಳೆಯುವವನ ಕಾಯಕ ಶುದ್ಧವಾಗಿದ್ದರೆ ಉಣ್ಣುವವನ ಪ್ರಸಾದ ಶುದ್ಧ. ಆ ಕಾಯಕಕ್ಕೆ ತಕ್ಕ ಬೆಲೆ ಕೊಡದೆ ಶುದ್ಧಿಯನ್ನು ಮಾತ್ರ ಬಯಸುವುದು ಧರ್ಮವಲ್ಲ. ಮುಂದಿನ ಮುಂಗಾರಿಗೆ ಮೊದಲೇ ನಮ್ಮ ಊರುಗಳಲ್ಲಿ ಐದೈದು ರೈತರ ಗುಂಪುಗಳು ಕಟ್ಟಿಕೊಳ್ಳಲಿ. ಅವರ ಮೊದಲ ಚೀಲಕ್ಕೆ ಮಠದ ದಾಸೋಹದ ಬಾಗಿಲು ತೆರೆದಿರಲಿ.